ಎರಡನೇ ಜೋಡಿ ಕೈಗಳು: ದಂತ ಸಹಾಯಕಿಯ ತರಬೇತಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಮಂತ್ರಣ ಪತ್ರಿಕೆಯ ಕರಡಿನಲ್ಲಿ ನನ್ನ ಹೆಸರಿನ ಹಿಂದೆ ‘ಡಾ.’ ಎಂದು ಹಾಕಿದ್ದರು. ಪ್ರೀತಿಯಿಂದಲೇ ಹಾಕಿದ್ದು. ಆದರೂ ಫೋನ್ ಮಾಡಿ ತೆಗೆಸಿದೆ. ನಾನು ಹಲ್ಲಿನ ಡಾಕ್ಟರಲ್ಲ, ಹಲ್ಲಿನ ಡಾಕ್ಟರ ಪಕ್ಕದಲ್ಲಿ ಕೂರುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಈಗ ಹನ್ನೊಂದು ವರ್ಷದಿಂದ ಬೆಂಗಳೂರಿನ ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ಆ ಕೆಲಸಕ್ಕೆ ಬರುವ ಹುಡುಗಿಯರಿಗೆ, ಈಚೆಗೆ ಹುಡುಗರಿಗೂ, ಕಲಿಸುತ್ತಿದ್ದೇನೆ. ಇವತ್ತು ಆ ಕಲಿಕೆಯ ಬಗ್ಗೆಯೇ ಮಾತಾಡುತ್ತೇನೆ. ಯಾಕೆಂದರೆ ನಮ್ಮ ತಾಲ್ಲೂಕಿನ ಪಟ್ಟಣದಲ್ಲಿ ಈಗ ಹಲ್ಲಿನ ಕ್ಲಿನಿಕ್ಕುಗಳು ಬೇಕಾದಷ್ಟಾಗಿವೆ. ಅಲ್ಲಿ ಕೆಲಸಕ್ಕೆ ಸೇರುತ್ತಿರುವ ಮಕ್ಕಳಲ್ಲಿ ಬಹಳ ಜನ ಇಂಥ ಸರ್ಕಾರಿ ಪ್ರೌಢಶಾಲೆಯಿಂದಲೇ ಬಂದವರು. ಅವರಿಗೆ ಏನೂ ಹೇಳಿಕೊಡದೆ ಮೊದಲ ದಿನವೇ ಕೈಗೆ ಟ್ರೇ ಕೊಡುತ್ತಾರೆ.

ಈ ಕೆಲಸ ಶುರುವಾಗಿದ್ದು ಅಮೆರಿಕದಲ್ಲಿ. ನ್ಯೂ ಆರ್ಲಿಯನ್ಸ್ ಎಂಬ ಊರಿನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು 1885ರ ಸುಮಾರಿಗೆ ತಮ್ಮ ಕೋಣೆಯಲ್ಲಿ ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡರು. ಆ ಕಾಲದಲ್ಲಿ ಮರ್ಯಾದಸ್ಥ ಹೆಂಗಸರು ಒಬ್ಬರೇ ಹಲ್ಲಿನ ಡಾಕ್ಟರ ಬಳಿ ಹೋಗುತ್ತಿರಲಿಲ್ಲ. ಒಳಗೆ ಇನ್ನೊಬ್ಬ ಹೆಂಗಸು ಇದ್ದಾಳೆ ಅಂದರೆ ಧೈರ್ಯ. ಅಂದರೆ ನಮ್ಮ ಕಸುಬಿನ ಮೂಲ ಬಂಡವಾಳ ಕೈಚಳಕವಲ್ಲ, ರೋಗಿಯ ನಂಬಿಕೆ. ಇವತ್ತಿಗೂ ನಮ್ಮ ಕಡೆಯ ಅಜ್ಜಿಯರು ಕುರ್ಚಿ ಹತ್ತುವ ಮುಂಚೆ ಡಾಕ್ಟರ ಮುಖ ನೋಡುವುದಿಲ್ಲ. ನನ್ನ ಮುಖ ನೋಡಿ “ನೋಯಲ್ಲ ತಾನೇ ಕಣಮ್ಮ?” ಅನ್ನುತ್ತಾರೆ. ಕೆಲ್ಸ್ ಅವರ ವಿಷಯಕ್ಕೆ ಮತ್ತೆ ಬರುತ್ತೇನೆ, ಅವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಹೊರಗಿನಿಂದ ನೋಡುವವರಿಗೆ ಸಹಾಯಕಿ ಅಂದರೆ ಬಾಯಲ್ಲಿ ನೀರೆಳೆಯುವ ಕೊಳವೆ ಹಿಡಿದು ನಿಂತವಳು. ಅಷ್ಟೇ ಆಗಿದ್ದರೆ ಗೋಡೆಗೆ ಒಂದು ಕೊಕ್ಕೆ ಸಾಕಿತ್ತು. ನಮ್ಮಲ್ಲಿ ‘ನಾಲ್ಕು ಕೈಗಳ ಕೆಲಸ’ ಅನ್ನುತ್ತಾರೆ. ಎರಡು ಕೈ ಡಾಕ್ಟರದು, ಎರಡು ನಮ್ಮದು, ನಾಲ್ಕೂ ಒಂದೇ ಮನುಷ್ಯನ ಕೈಗಳಂತೆ ಆಡಬೇಕು. ರೋಗಿಯ ಮುಖವನ್ನು ಗಡಿಯಾರ ಅಂದುಕೊಳ್ಳಿ, ನೆತ್ತಿಯ ಕಡೆ 12. ಬಲಗೈ ಡಾಕ್ಟರು 7ರಿಂದ 12ರ ನಡುವೆ ಕೂರುತ್ತಾರೆ. ನಮ್ಮ ಜಾಗ 2ರಿಂದ 4. ಅವರ ಕಣ್ಣಿಗಿಂತ ನಮ್ಮ ಕಣ್ಣು ನಾಲ್ಕಾರು ಅಂಗುಲ ಮೇಲಿರಬೇಕು, ಇಲ್ಲದಿದ್ದರೆ ಬಾಯೊಳಗೆ ಏನೂ ಕಾಣುವುದಿಲ್ಲ. ಸಾಮಾನು ಕೈ ಬದಲಾಗುವುದು 4ರಿಂದ 7ರ ನಡುವೆ, ಅಂದರೆ ರೋಗಿಯ ಗಲ್ಲದ ಕೆಳಗೆ, ಎದೆಯ ಮೇಲೆ. ಮುಖದ ಮೇಲೆ ಯಾವತ್ತೂ ಅಲ್ಲ. ಚೂಪಾದ ಸಾಮಾನು ಕೈಜಾರಿ ಕಣ್ಣಿಗೆ ಬಿದ್ದರೆ ಯಾರು ಗತಿ? ಅದೂ ಅಲ್ಲದೆ, ಸೂಜಿ ಕಣ್ಣ ಮುಂದೆ ಹಾದರೆ ಅರ್ಧ ಜನಕ್ಕೆ ಅಲ್ಲೇ ಬೆವರು.

ಡಾಕ್ಟರು ಬಾಯಿಂದ ಕಣ್ಣು ತೆಗೆಯದೆ ಕೈ ಚಾಚುತ್ತಾರೆ. ಮುಂದಿನ ಸಾಮಾನು, ಸರಿಯಾದ ತುದಿ ಸರಿಯಾದ ದಿಕ್ಕಿಗೆ ತಿರುಗಿ, ಬೆರಳಿಗೆ ಬಂದು ಕೂರಬೇಕು. ಇದಕ್ಕೆ ನಾವು ಕಾಲೇಜಿನಲ್ಲಿ ಪೆನ್ಸಿಲ್ಲು, ಚಮಚ ಇಟ್ಟುಕೊಂಡು ವಾರಗಟ್ಟಲೆ ಅಭ್ಯಾಸ ಮಾಡಿಸುತ್ತೇವೆ. ಎಡಗೈಯ ಕಿರುಬೆರಳಿನಿಂದ ಹಳೆಯದನ್ನು ತೆಗೆದುಕೊಳ್ಳಬೇಕು, ಅದೇ ಕೈಯ ಹೆಬ್ಬೆರಳು, ತೋರುಬೆರಳಿನಿಂದ ಹೊಸದನ್ನು ಕೊಡಬೇಕು. ಬಲಗೈ ನೀರೆಳೆಯುವ ಕೊಳವೆ ಬಿಡುವಂತಿಲ್ಲ. ಮೊದಮೊದಲು ಎಲ್ಲರಿಗೂ ನಗು ಬರುತ್ತದೆ. ಒಂದು ತಿಂಗಳಾದ ಮೇಲೆ ಕೈಗೇ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಹಲ್ಲಿನ ನಂಬರು. ಇಲ್ಲಿ ನಮ್ಮ ಜೀವಶಾಸ್ತ್ರದ ಮೇಷ್ಟ್ರನ್ನು ನೆನೆಯಬೇಕು. ದಂತಸೂತ್ರ ಎಂದು ಬೋರ್ಡಿನ ಮೇಲೆ 2-1-2-3 ಬರೆದು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಎರಡು ಬಾಚಿ ಹಲ್ಲು, ಒಂದು ಕೋರೆ ಹಲ್ಲು, ಎರಡು ಮುಂದವಡೆ, ಮೂರು ದವಡೆ. ಒಟ್ಟು ಎಂಟು, ಬಾಯಿಗೆ ನಾಲ್ಕು ಭಾಗ, ಮೂವತ್ತೆರಡು ಹಲ್ಲು. ಪರೀಕ್ಷೆಯ ಎರಡು ಅಂಕಕ್ಕೆ ಕಲಿತದ್ದು ನನಗೆ ಅನ್ನ ಕೊಟ್ಟಿತು. ನಮ್ಮ ಕಸುಬಿನಲ್ಲಿ ಬಾಯಿಯ ಆ ನಾಲ್ಕು ಭಾಗಕ್ಕೂ ಒಂದೊಂದು ಅಂಕಿ. ರೋಗಿಯ ಬಲ ಮೇಲ್ಭಾಗ 1, ಎಡ ಮೇಲ್ಭಾಗ 2, ಎಡ ಕೆಳಭಾಗ 3, ಬಲ ಕೆಳಭಾಗ 4. ಆಮೇಲೆ ಮಧ್ಯದ ಗೆರೆಯಿಂದ ಒಂದು, ಎರಡು ಎಂದು ಎಂಟರವರೆಗೆ ಹಿಂದಕ್ಕೆ ಎಣಿಸಬೇಕು. ಎಡಗಡೆ ಕೆಳಗಿನ ಮೊದಲನೇ ದವಡೆ ಹಲ್ಲು ಅಂದರೆ ಮೂರು-ಆರು. ಅದನ್ನು ಮೂವತ್ತಾರು ಎಂದು ಓದಬಾರದು, ಮೂರು-ಆರು ಎಂದೇ ಓದಬೇಕು. ಹಾಲುಹಲ್ಲಿಗೆ ಭಾಗಗಳು 5, 6, 7, 8 ಆಗುತ್ತವೆ, ಹಲ್ಲು ಐದರವರೆಗೆ ಮಾತ್ರ, ಒಟ್ಟು ಇಪ್ಪತ್ತು.

ಇದು ಬರೀ ಲೆಕ್ಕವಲ್ಲ. ರೋಗಿ ನಮ್ಮೆದುರು ಕುಳಿತಾಗ ಅವರ ಬಲ ನಮಗೆ ಎಡ. ಚೀಟಿಯಲ್ಲಿ 36ರ ಬದಲು 46 ಎಂದು ಬರೆದರೆ ಕೀಳುವ ಇಕ್ಕಳ ಬೇರೆ ಕಡೆಗೆ ಹೋಗುತ್ತದೆ. ಕಿತ್ತ ಹಲ್ಲನ್ನು ‘ತಪ್ಪಾಯಿತು’ ಎಂದು ವಾಪಸು ಕೊಡಲು ಬರುವುದಿಲ್ಲ. ಅದಕ್ಕೇ ಡಾಕ್ಟರು ನಂಬರು ಹೇಳಿದ ಕೂಡಲೇ ನಾವು ಅದನ್ನು ತಿರುಗಿ ಗಟ್ಟಿಯಾಗಿ ಹೇಳಿ ಬರೆದುಕೊಳ್ಳಬೇಕೆಂಬ ಪದ್ಧತಿ.

ಈ 36 ಎಂಬ ಹಲ್ಲಿನ ಬಗ್ಗೆ ಇಲ್ಲಿರುವ ತಾಯಂದಿರಿಗೆ ಒಂದು ಮಾತು. ಮಗುವಿಗೆ ಸುಮಾರು ಆರು ವರ್ಷವಾದಾಗ ಅದು ಎಲ್ಲ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹುಟ್ಟುತ್ತದೆ. ಯಾವುದೂ ಬೀಳಲಿಲ್ಲವಲ್ಲ, ಇದೂ ಹಾಲುಹಲ್ಲೇ ಇರಬೇಕು, ಹುಳುಕಾದರೂ ಮುಂದೆ ಬಿದ್ದು ಹೊಸದು ಬರುತ್ತದೆ ಎಂದು ಬಿಟ್ಟುಬಿಡುತ್ತಾರೆ. ಬರುವುದಿಲ್ಲ. ಅದು ಸಾಯುವವರೆಗಿನ ಹಲ್ಲು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಅದನ್ನು ಕೀಳಿಸಿಕೊಂಡ ಮಕ್ಕಳು ಎಷ್ಟು ಜನ ನನ್ನ ಮುಂದೆ ಕುಳಿತಿದ್ದಾರೆ ಎಂದು ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ಹೇಳಲು ಸಂಕಟವಾಗುತ್ತಿತ್ತು.

ಇನ್ನು ತೊಳೆಯುವ ಕೆಲಸ. ‘ಅದೇನು ಮಹಾ, ಪಾತ್ರೆ ತೊಳೆದ ಹಾಗೆ’ ಅನ್ನುವವರಿದ್ದಾರೆ. ತರಬೇತಿಯಲ್ಲಿ ನಾವು ಅತಿ ಹೆಚ್ಚು ಹೊತ್ತು ಕಳೆಯುವುದು ಇದರಲ್ಲೇ. ಒಬ್ಬರ ಬಾಯಿಂದ ತೆಗೆದದ್ದು ಇನ್ನೊಬ್ಬರ ಬಾಯಿಗೆ ಹೋಗುವ ಸಾಮಾನು ಇದು. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಆ ಬಿಸಿಗೆ ಸಾಯದ ಜೀವಾಣುಗಳಿವೆ, ಗಟ್ಟಿ ಚಿಪ್ಪು ಕಟ್ಟಿಕೊಂಡು ಬೀಜದ ಹಾಗೆ ಕಾಯುತ್ತಾ ಕೂರುತ್ತವೆ. ಅದಕ್ಕೇ ಆಟೋಕ್ಲೇವ್ ಬೇಕು. ಅದು ನಮ್ಮ ಅಡುಗೆಮನೆಯ ಕುಕ್ಕರಿನ ಅಕ್ಕ. ಒತ್ತಡ ಹೆಚ್ಚಿಸಿ ಹಬೆಯನ್ನು 121 ಡಿಗ್ರಿಗೆ ಏರಿಸಿ ಕನಿಷ್ಠ 15 ನಿಮಿಷ, ಅಥವಾ 134 ಡಿಗ್ರಿಗೆ ಏರಿಸಿ 3 ನಿಮಿಷಕ್ಕೆ ಕಡಿಮೆಯಿಲ್ಲದೆ ಹಿಡಿಯಬೇಕು. ಈ ನಿಮಿಷಗಳನ್ನು ಎಣಿಸಲು ಶುರು ಮಾಡುವುದು ಸ್ವಿಚ್ಚು ಹಾಕಿದಾಗಿನಿಂದಲ್ಲ, ಒಳಗೆ ಆ ಬಿಸಿ ಬಂದ ಮೇಲೆ.

ಅದಕ್ಕೆ ಮೊದಲು ರಕ್ತ, ಸಿಮೆಂಟು ಒಂದು ಚೂರೂ ಉಳಿಯದಂತೆ ಉಜ್ಜಿ ತೊಳೆದಿರಬೇಕು, ಕೊಳೆಯ ಅಡಿಗೆ ಹಬೆ ಹೋಗುವುದಿಲ್ಲ. ತೊಳೆಯುವಾಗ ದಪ್ಪ ಗ್ಲೌಸು, ಕನ್ನಡಕ. ಒಣಗಿಸಿ, ಚೀಲದಲ್ಲಿ ಮುಚ್ಚಿ, ತಾರೀಖು ಬರೆದು ಇಡಬೇಕು. ಆಟೋಕ್ಲೇವಿನೊಳಗೆ ಚೀಲಗಳನ್ನು ತುರುಕಬಾರದು. ಇಡ್ಲಿ ತಟ್ಟೆಯ ನಡುವೆ ಹಬೆಗೆ ದಾರಿ ಬೇಕಲ್ಲ, ಹಾಗೆ. ಚೀಲದ ಮೇಲಿನ ಗುರುತು ಬಣ್ಣ ಬದಲಾದರೆ ಬಿಸಿ ತಾಗಿತು ಎಂದಷ್ಟೇ ಅರ್ಥ, ಕ್ರಿಮಿ ಸತ್ತವು ಎಂದಲ್ಲ. ಅದನ್ನು ತಿಳಿಯಲು ಬಿಸಿಗೆ ಬಗ್ಗದ ಒಂದು ಜೀವಾಣುವನ್ನೇ ಸಣ್ಣ ಸೀಸೆಯಲ್ಲಿ ಒಳಗಿಟ್ಟು, ಅದು ಸತ್ತಿತೋ ಇಲ್ಲವೋ ಎಂದು ಪರೀಕ್ಷಿಸುವ ವಿಧಾನವಿದೆ. ಹಲ್ಲು ತೋರಿಸಲು ಹೋದಾಗ ನೀವು ಧಾರಾಳವಾಗಿ ಕೇಳಬಹುದು, ‘ಚೀಲ ನನ್ನೆದುರೇ ಒಡೆಯಿರಿ’ ಅಂತ. ಒಳ್ಳೆಯ ಕ್ಲಿನಿಕ್ಕಿನವರು ಬೇಸರ ಮಾಡಿಕೊಳ್ಳುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಇದಾವುದನ್ನೂ ನನಗೆ ಯಾರೂ ಹೇಳಿಕೊಡಲಿಲ್ಲ. ಪಿಯುಸಿ ಆಗಿತ್ತು, ಮನೆಯಲ್ಲಿ ಮುಂದೆ ಓದಿಸುವ ಶಕ್ತಿ ಇರಲಿಲ್ಲ. 1997ರಲ್ಲಿ ಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ತಿಂಗಳಿಗೆ 450 ರೂಪಾಯಿಗೆ ಸೇರಿದೆ. ಅದು ಯಾವುದು ಎಂಬುದು ಇಲ್ಲಿ ಬೇಡ, ಆ ಕಾಲಕ್ಕೆ ಹಾಗೆ ನಡೆಯುತ್ತಿದ್ದದ್ದು ಅದೊಂದೇ ಅಲ್ಲ. ಕಸ ಗುಡಿಸುವುದು, ಚೀಟಿ ಬರೆಯುವುದು, ಸಾಮಾನು ತೊಳೆಯುವುದು. ಗ್ಲೌಸು ಡಾಕ್ಟರಿಗೆ ಮಾತ್ರ. ಸೇರಿ ಎರಡು ತಿಂಗಳಾಗಿತ್ತೇನೋ. ಕೆಲಸ ಮುಗಿದ ಟ್ರೇ ಎತ್ತಿಕೊಂಡು ಹೋಗಿ ಹತ್ತಿಯನ್ನು ಡಬ್ಬಿಗೆ ಹಾಕಲು ಎತ್ತಿದೆ. ಆ ಹತ್ತಿಯ ಅಡಿಯಲ್ಲಿ ಚುಚ್ಚುಮದ್ದಿನ ಸೂಜಿ ಮುಚ್ಚಳವಿಲ್ಲದೆ ಬಿದ್ದಿತ್ತು. ಹೆಬ್ಬೆರಳಿಗೆ ಆಳವಾಗಿ ಹೋಯಿತು. “ಏನಾಗಲ್ಲ ಬಿಡು, ಸ್ಪಿರಿಟ್ ಹಚ್ಚಿಕೋ” ಅಂದರು.

ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ನಾಲ್ಕು ದಿನವಾದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಮ್ಮ ಸಂಬಂಧದ ಚಿಕ್ಕಮ್ಮನಿಗೆ ಮಾತಿನ ಮಧ್ಯೆ ಹೇಳಿದಾಗ ಅವರ ಮುಖವೇ ಬದಲಾಯಿತು. “ಕಾಮಾಲೆ ಲಸಿಕೆ ಹಾಕಿಸಿದ್ದೀಯೇನೇ?” ಅಂದರು. ಹಾಗೊಂದು ಲಸಿಕೆ ಇದೆಯೆಂದೇ ನಾನು ಕೇಳಿರಲಿಲ್ಲ. ಆಮೇಲೆ ಆರು ವಾರಕ್ಕೊಂದು, ಮೂರು ತಿಂಗಳಿಗೊಂದು, ಆರು ತಿಂಗಳಿಗೊಂದು ರಕ್ತ ಪರೀಕ್ಷೆ. ಆ ಆರು ತಿಂಗಳು ಮನೆಯಲ್ಲಿ ನನ್ನ ಲೋಟ ಬೇರೆ ಇಟ್ಟುಕೊಂಡಿದ್ದೆ. ಅದು ಬೇಕಿರಲಿಲ್ಲ, ಆದರೆ ಬೇಕಿಲ್ಲ ಎಂದು ಹೇಳುವವರು ಯಾರಿದ್ದರು? ಅಮ್ಮನಿಗೆ ಕಾರಣ ಹೇಳಲಿಲ್ಲ. ಮದುವೆ ಮಾತುಕತೆ ಬರುತ್ತಿದ್ದ ಕಾಲ, ಬಂದವರಿಗೆಲ್ಲ ಏನಾದರೊಂದು ನೆಪ ಹೇಳಿ ಮುಂದಕ್ಕೆ ಹಾಕಿಸಿದೆ. ಕೊನೆಗೆ ಎಲ್ಲ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬಂತು.

ಈಗ ನನಗೆ ಲೆಕ್ಕ ಗೊತ್ತು. ಕಾಯಿಲೆ ಇರುವವರ ರಕ್ತದ ಸೂಜಿ ಚುಚ್ಚಿದರೆ, ಎಚ್‌ಐವಿ ತಗಲುವ ಸಾಧ್ಯತೆ ನೂರಕ್ಕೆ 0.3. ಹೆಪಟೈಟಿಸ್ ಸಿ ತಗಲುವ ಸಾಧ್ಯತೆಯೂ ಕಡಿಮೆಯೇ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಮಾತ್ರ 6ರಿಂದ 30ರವರೆಗೆ. ಎಲ್ಲರೂ ಹೆದರುವುದು ಎಚ್‌ಐವಿಗೆ, ಹೆಚ್ಚು ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಅದಕ್ಕೆ ಲಸಿಕೆ ಇದೆ: ಇವತ್ತೊಂದು, ತಿಂಗಳಿಗೊಂದು, ಆರನೇ ತಿಂಗಳಿಗೊಂದು, ಮೂರು ಚುಚ್ಚುಮದ್ದು ಅಷ್ಟೇ. ಸೂಜಿ ಚುಚ್ಚಿದರೆ ಬೆರಳನ್ನು ಹಿಂಡಬಾರದು, ಬಾಯಿಗಿಟ್ಟುಕೊಳ್ಳಬಾರದು. ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿದರೆ ಮಾತ್ರ ಪ್ರಯೋಜನ, ಅದೂ ಆದಷ್ಟು ಬೇಗ. 28 ದಿನ ನುಂಗಬೇಕು. ನಾನು ನಾಲ್ಕು ದಿನ ಸುಮ್ಮನಿದ್ದೆ ಎಂದು ಹೇಳಿದೆನಲ್ಲ, ಆ 72 ಗಂಟೆ ಮುಗಿದೇ ಹೋಗಿತ್ತು.

ನನ್ನ ತರಗತಿಗೆ ಬರುವ ಮಕ್ಕಳಿಗೆ ಲಸಿಕೆಯ ಚೀಟಿ ನೋಡದೆ ಚೂಪು ಸಾಮಾನು ಮುಟ್ಟಲು ನಾನು ಬಿಡುವುದಿಲ್ಲ. ಸೂಜಿಗೆ ಎರಡು ಕೈಯಿಂದ ಮುಚ್ಚಳ ಹಾಕುವುದನ್ನು ಕಂಡರೆ ಬೈಯುತ್ತೇನೆ. ಮುಚ್ಚಳವನ್ನು ಟ್ರೇ ಮೇಲೆ ಇಟ್ಟು ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಎತ್ತಿಕೊಳ್ಳಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ, ಬ್ಲೇಡು ಹೋಗಬೇಕಾದದ್ದು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಕೊಳವೆ, ಗ್ಲೌಸುಗಳಂಥವು ಕೆಂಪಿಗೆ, ಗಾಜು ನೀಲಿಗೆ. ನಮ್ಮ ಊರಿನ ಪೌರಕಾರ್ಮಿಕರೂ ಯಾರದೋ ಮಕ್ಕಳೇ ಅಲ್ಲವೇ?

ಕೆಲ್ಸ್ ಅವರ ಕಥೆಗೆ ಬರುತ್ತೇನೆ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಮರುವರ್ಷವೇ ಕೆಲ್ಸ್ ಅದನ್ನು ಹಲ್ಲಿಗೆ ಬಳಸಲು ಶುರು ಮಾಡಿದರು. ಅದರ ಕಿರಣ ಸುಡುತ್ತದೆ ಎಂದು ಆಗ ಸರಿಯಾಗಿ ತಿಳಿದಿರಲಿಲ್ಲ. ವರ್ಷಗಟ್ಟಲೆ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿ ಯಂತ್ರವನ್ನು ಸರಿಹೊಂದಿಸುತ್ತಿದ್ದರು. ಕೈಗೆ ಕ್ಯಾನ್ಸರ್ ಬಂತು. ಬೆರಳುಗಳು ಹೋದವು, ಕೈ ಹೋಯಿತು, ತೋಳು ಹೋಯಿತು. ಕೊನೆಗೆ 1928ರಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಈ ಕಥೆಯನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ಯಾಕೆಂದರೆ ಈಗಲೂ ಕೆಲವು ಕಡೆ ಮಗು ಬಾಯಲ್ಲಿ ಫಿಲಂ ಹಿಡಿಯದಿದ್ದರೆ “ನೀನೇ ಸ್ವಲ್ಪ ಹಿಡ್ಕೊಳಮ್ಮ” ಎಂದು ಸಹಾಯಕಿಗೆ ಹೇಳುತ್ತಾರೆ. ಹಿಡಿಯಬಾರದು. ಒಂದು ಸಲದ ಕಿರಣ ಬಹಳ ಕಡಿಮೆ, ರೋಗಿ ಹೆದರಬೇಕಿಲ್ಲ. ಆದರೆ ರೋಗಿಗೆ ವರ್ಷಕ್ಕೊಂದು, ನಮಗೆ ದಿನಕ್ಕೆ ಹತ್ತು. ಗೋಡೆಯ ಹಿಂದೆ ಹೋಗಬೇಕು, ಗೋಡೆ ಇಲ್ಲದಿದ್ದರೆ ಕನಿಷ್ಠ ಆರು ಅಡಿ ದೂರ, ಕಿರಣದ ದಾರಿಯಿಂದ ಪಕ್ಕಕ್ಕೆ.

ಹೆದರಿಸುವುದನ್ನೇ ಹೇಳಿದೆ ಅನ್ನಿಸಿದರೆ ಸಂತೋಷದ ಭಾಗವೂ ಇದೆ. ಹಲ್ಲಿನ ಸೆಟ್ಟು ಮಾಡಲು ಬಾಯಿಯ ಅಚ್ಚು ತೆಗೆಯುತ್ತಾರೆ ನೋಡಿ, ಆ ಪುಡಿಯ ಹೆಸರು ಆಲ್ಜಿನೇಟ್, ಕಡಲಪಾಚಿಯಿಂದ ಬರುವುದು. ನೀರು ಹಾಕಿ ರಬ್ಬರು ಬಟ್ಟಲಿನಲ್ಲಿ ಕಲಸಿದರೆ ಎರಡು ಮೂರು ನಿಮಿಷದಲ್ಲಿ ಗಟ್ಟಿಯಾಗಿಬಿಡುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ, ಆಗ ತಣ್ಣೀರು ಬೇಕು. ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಗಂಟಿಲ್ಲದಂತೆ ತಿರುವಬೇಕು. ಪೇಟೆಯ ಹುಡುಗಿಯರಿಗೆ ಇದು ಬರಲು ಹದಿನೈದು ದಿನ ಬೇಕಾದರೆ, ನಮ್ಮ ತುಮಕೂರು ಕಡೆಯಿಂದ ಬಂದವರಿಗೆ ಎರಡೇ ದಿನ. ಮುದ್ದೆ ತಿರುವಿದ ಕೈ, ಗಂಟು ಕಟ್ಟುವುದುಂಟೇ? ಅಚ್ಚು ಬಾಯಿಂದ ಹೊರಬಂದ ಮೇಲೆ ಒಣಗಿ ಕುಗ್ಗುವ ಮೊದಲೇ ಅದಕ್ಕೆ ಗಾರೆ ಪುಡಿ ಕಲಸಿ ಹುಯ್ಯಬೇಕು, ಕುಗ್ಗಿದರೆ ಸೆಟ್ಟು ಬಾಯಿಗೆ ಕೂರುವುದಿಲ್ಲ. ‘ಕಟ್ಟಿಸಿದ ಹಲ್ಲು ಸರಿ ಇಲ್ಲ’ ಎಂದು ಡಬ್ಬಿಯಲ್ಲಿಟ್ಟ ಅಜ್ಜಂದಿರ ಸೆಟ್ಟುಗಳಲ್ಲಿ ಕೆಲವಾದರೂ ಈ ಹತ್ತು ನಿಮಿಷದ ತಡದಿಂದ ಕೆಟ್ಟವು ಎಂದು ನನ್ನ ಅನುಮಾನ.

ಮಾತಾಡಿಸುವುದೂ ಪಾಠದ ಒಂದು ಭಾಗ. ಬಿಪಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತೀರಾ, ಹೆಂಗಸರಾದರೆ ಬಸುರೇ ಎಂದೆಲ್ಲ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಿಂಡಿ ತಿಂದಿರಾ? ಹಲ್ಲು ಕೀಳಿಸಲು ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ನಮ್ಮ ಜನ ತಾವೇ ತೀರ್ಮಾನಿಸಿಕೊಂಡಿರುತ್ತಾರೆ. ಒಬ್ಬ ಅಜ್ಜಿ ಬೆಳಿಗ್ಗೆ ಸಕ್ಕರೆ ಮಾತ್ರೆ ನುಂಗಿ, ಏನೂ ತಿನ್ನದೆ, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕುರ್ಚಿಯಲ್ಲಿ ಕೂರಿಸಿದಾಗ ಕೈ ತಣ್ಣಗೆ, ಹಣೆಯಲ್ಲಿ ಬೆವರು, ಮಾತು ತೊದಲು. “ಭಯ” ಎಂದರು ಪಕ್ಕದಲ್ಲಿದ್ದವರು. ಭಯವಲ್ಲ, ಸಕ್ಕರೆ ಇಳಿದಿತ್ತು. ಆವತ್ತು ಅಲ್ಲಿದ್ದ ಸಹಾಯಕಿ ನನ್ನ ಬಳಿ ಕಲಿತು ಆರು ತಿಂಗಳಾದ ಹುಡುಗಿ. ಡಾಕ್ಟರನ್ನು ಕೂಗುತ್ತಲೇ ಗ್ಲೂಕೋಸ್ ಕಲಸಿ ಕುಡಿಸಿದಳು. ಹಲ್ಲು ಮರುವಾರ ಕಿತ್ತರು.

ಬಾಯಿ ತೆರೆದ ಕೂಡಲೇ ನಮ್ಮ ಕಣ್ಣಿಗೆ ಬೀಳುವ ಇನ್ನೂ ಒಂದಿದೆ. ಅಡಿಕೆ ತೋಟಗಳ ನಡುವೆ ನಿಂತು ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲು ಆಗದಿದ್ದರೆ, ಖಾರ ತಗಲಿದರೆ ಉರಿದರೆ, ಅದು ಗುಟ್ಕಾ, ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿದುಕೊಳ್ಳುತ್ತಿರುವ ಲಕ್ಷಣ. ಹೊಗೆಸೊಪ್ಪು ಹಾಕದಿದ್ದರೂ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಹಬ್ಬ ಕಳೆಯಲಿ ಎಂದು ಕಾಯಬೇಡಿ. ಹಲ್ಲುನೋವೆಂದು ಬಂದವರ ಬಾಯಲ್ಲಿ ಇಂಥದ್ದನ್ನು ಕಂಡರೆ ಡಾಕ್ಟರ ಗಮನಕ್ಕೆ ತರುವುದನ್ನು ತರಬೇತಿಯಲ್ಲೇ ಕಲಿಸುತ್ತೇವೆ.

ಹಲ್ಲಿನ ಮೇಲೆ ಕಂದು ಗೆರೆ ಇರುವ ನಮ್ಮ ಕಡೆಯ ಮಕ್ಕಳನ್ನು ನೋಡಿ ‘ಉಜ್ಜುವುದಿಲ್ಲ’ ಎಂದು ಬೈಯಬಾರದು ಎಂಬುದೂ ಪಾಠವೇ. ಅದು ಕೊಳವೆಬಾವಿಯ ಫ್ಲೋರೈಡ್. ಹಲ್ಲು ದವಡೆಯೊಳಗೆ ಬೆಳೆಯುತ್ತಿರುವಾಗಲೇ ಬಿದ್ದ ಕಲೆ, ಬೂದಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಇನ್ನು ಒಂದು ಕಹಿ ವಿಷಯ. 1948ರ ದಂತವೈದ್ಯರ ಕಾಯ್ದೆಯಲ್ಲಿ ಮೂರು ಹೆಸರುಗಳಿದ್ದವು: ದಂತವೈದ್ಯರು, ಹಲ್ಲು ಶುಚಿ ಮಾಡುವ ಡೆಂಟಲ್ ಹೈಜಿನಿಸ್ಟ್, ಸೆಟ್ಟು ತಯಾರಿಸುವ ಡೆಂಟಲ್ ಮೆಕ್ಯಾನಿಕ್. ಸಹಾಯಕಿ ಎಂಬ ಹೆಸರೇ ಅದರಲ್ಲಿರಲಿಲ್ಲ. ಹಾಗಾಗಿ ಯಾರನ್ನು ಬೇಕಾದರೂ ತಂದು ಸಹಾಯಕಿ ಎಂದು ನಿಲ್ಲಿಸಬಹುದಿತ್ತು. ಸಂಬಳ ಕಡಿಮೆ ಇರುವುದಕ್ಕೂ ಇದೇ ಮೂಲ ಎಂದು ನಾನು ತಿಳಿದಿದ್ದೇನೆ. ಕಲಿತವಳಿಗೂ ಕಲಿಯದವಳಿಗೂ ಕಾಗದದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಹೆಚ್ಚು ಕೊಡುವವರು ಯಾರು? ಇನ್ನೊಂದು ಕಡೆ, ನಾಲ್ಕು ವರ್ಷ ಡಾಕ್ಟರ ಪಕ್ಕ ನಿಂತು ನೋಡಿದ ಮೇಲೆ ‘ನನಗೂ ಬರುತ್ತದೆ’ ಎಂದು ಸಂತೆ ಊರಿನಲ್ಲಿ ಬೋರ್ಡು ಹಾಕಿಕೊಂಡು ಹಲ್ಲು ಕೀಳುವವರೂ ಇದ್ದಾರೆ. ಅದು ಅಪರಾಧ. ಇಂಜೆಕ್ಷನ್ ಕೊಡುವುದು, ಹಲ್ಲು ಕೀಳುವುದು, ಕೊರೆಯುವುದು, ತುಂಬುವುದು ನಮ್ಮ ಕೆಲಸವಲ್ಲ. ಡಾಕ್ಟರೇ “ಇವತ್ತು ಜನ ಜಾಸ್ತಿ, ನೀನೇ ಮಾಡಮ್ಮ” ಅಂದರೂ ಅಲ್ಲ. ‘ಆಗಲ್ಲ ಸಾರ್’ ಎಂದು ಹೇಳುವ ಧೈರ್ಯ ಕಲಿಸುವುದು ಆಲ್ಜಿನೇಟ್ ಕಲಸುವುದನ್ನು ಕಲಿಸಿದಷ್ಟು ಸುಲಭವಲ್ಲ.

ಹಾಗಾದರೆ ಎಲ್ಲಿ ಕಲಿಯಬೇಕು ಎಂದು ಮಕ್ಕಳು ಕೇಳಬಹುದು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಹೈಜಿನಿಸ್ಟ್ ಮತ್ತು ಮೆಕ್ಯಾನಿಕ್ ಡಿಪ್ಲೊಮಾ ಇವೆ, ಎರಡೆರಡು ವರ್ಷ. ಕಾನೂನಿನಲ್ಲಿ ಹೆಸರಿದೆ, ನೋಂದಣಿ ಇದೆ. ಸಾಧ್ಯವಿದ್ದವರು ಅದನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ನಾನೂ ಆ ಕ್ಲಿನಿಕ್ಕು ಬಿಟ್ಟ ಮೇಲೆ ಚಿಕ್ಕಮ್ಮನ ಮನೆಯಲ್ಲಿದ್ದು ಹೈಜಿನಿಸ್ಟ್ ಓದಿದೆ. ಸಹಾಯಕಿಯ ತರಬೇತಿ ಕೆಲವು ತಿಂಗಳಿನಿಂದ ಒಂದು ವರ್ಷದವರೆಗೆ ಇರುತ್ತದೆ. ದಂತ ಕಾಲೇಜುಗಳಲ್ಲೂ ಇದೆ, ಕೌಶಲ ತರಬೇತಿ ಕೇಂದ್ರಗಳಲ್ಲೂ ಇದೆ. ದುಡ್ಡು ಕಟ್ಟುವ ಮೊದಲು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ. ನಿಜವಾದ ರೋಗಿಗಳು ಬರುತ್ತಾರೆಯೇ, ಇಲ್ಲ ಒಂದು ಮುರುಕು ಕುರ್ಚಿ ಇಟ್ಟುಕೊಂಡು ಪ್ರಮಾಣಪತ್ರ ಮಾರುತ್ತಿದ್ದಾರೆಯೇ? ಆಟೋಕ್ಲೇವ್ ಬಿಸಿ ಇದೆಯೇ, ಧೂಳು ಹಿಡಿದಿದೆಯೇ? ಹೋದ ವರ್ಷ ಕಲಿತ ಹುಡುಗಿಯೊಬ್ಬಳ ಜೊತೆ ಮಾತಾಡಿಸಿ ಎಂದು ಕೇಳಿ. ಅವರು ತಡವರಿಸಿದರೆ ಬಸ್ಸು ಹತ್ತಿ ವಾಪಸು ಬನ್ನಿ.

ತರಬೇತಿಗೆ ಕಳಿಸುವ ಶಕ್ತಿಯಿಲ್ಲ, ನೇರವಾಗಿ ಕೆಲಸಕ್ಕೇ ಸೇರಬೇಕು ಅನ್ನುವ ಮನೆಗಳೂ ಇಲ್ಲಿವೆ. ಅದು ನನಗೆ ಗೊತ್ತು, ನನ್ನದೂ ಅಂಥದ್ದೇ ಮನೆ. ಹಾಗೆ ಸೇರುವುದಾದರೆ ಸಂಬಳ ಮಾತಾಡುವ ಮೊದಲು ಮೂರು ಕೇಳಿ: ನನಗೆ ಲಸಿಕೆ ಹಾಕಿಸುತ್ತೀರಾ, ನನಗೂ ಗ್ಲೌಸು ಮಾಸ್ಕು ಕೊಡುತ್ತೀರಾ, ಸೂಜಿಗೆ ಬೇರೆ ಡಬ್ಬಿ ಇದೆಯಾ? ಅಪ್ಪಂದಿರು, ಅಣ್ಣಂದಿರು ಜೊತೆಗೆ ಹೋದರೆ ನೀವೇ ಕೇಳಿ. ಮಗಳನ್ನು ಕೊಡುವಾಗ ಗಂಡಿನ ಮನೆಯಲ್ಲಿ ಬಾವಿ ಎಷ್ಟು ದೂರ ಎಂದು ಕೇಳುತ್ತಿದ್ದೆವಲ್ಲ!

ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲಿ ಒಂದು ಕೋರಿಕೆ ಇಟ್ಟಿದ್ದೇನೆ, ಅವರು ಒಪ್ಪಿದ್ದಾರೆ. ಈ ಶಾಲೆಯಲ್ಲಿ ಓದಿ ಆಸ್ಪತ್ರೆ, ಲ್ಯಾಬು, ಕ್ಲಿನಿಕ್ಕಿನ ಯಾವುದೇ ಕೆಲಸಕ್ಕೆ ಸೇರುವ ಮಕ್ಕಳಿಗೆ ಹೆಪಟೈಟಿಸ್ ಬಿ ಮೂರು ಚುಚ್ಚುಮದ್ದಿನ ಖರ್ಚು ಸಂಘದ ನಿಧಿಯಿಂದ. ಮೊದಲ ವರ್ಷದ ಹಣ ನಾನು ಕೊಡುತ್ತೇನೆ. ಹೆಸರು ಬರೆಸಲು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ.

ಪ್ಲಾಸ್ಟರಿನ ಎರಡು ದವಡೆ, ರಬ್ಬರು ಬಟ್ಟಲು, ಒಂದು ಡಬ್ಬ ಆಲ್ಜಿನೇಟ್ ತಂದಿದ್ದೇನೆ. ವಿಜ್ಞಾನ ಕೊಠಡಿಯ ಮೇಜಿನ ಮೇಲಿವೆ. ಊಟದ ಸಾಲು ಉದ್ದ ಇರುವಂತಿದೆ, ಅಷ್ಟರಲ್ಲಿ ಬೇಕಾದವರು ಬಂದು ಕಲಸಿ ನೋಡಬಹುದು. ನೀರು ತಣ್ಣಗಿರಲಿ.